ಕಾರ್ಖಾನೆ ಮುಚ್ಚಿತು, ಕಾರು ಉಳಿಯಿತು: ಬಿಚ್ಚಿ ಜೋಡಿಸೋ ಎಂಜಿಬಿಯ ಚರಿತ್ರೆ

1/9 · ಆ ಎರಡಕ್ಷರ

ರೋಡಲ್ಲಿ ಎಂಜಿ ಹೆಕ್ಟರ್ ಕಾರು ನೋಡೇ ಇರ್ತೀರಿ. ಮುಂದುಗಡೆ ಎಂಟು ಮೂಲೆಯ ಲೋಗೋ, ಅದರೊಳಗೆ ಎರಡಕ್ಷರ. ಅದರ ಪೂರ್ತಿ ಹೆಸರು ಗೊತ್ತಾ? ಮಾರಿಸ್ ಗ್ಯಾರೇಜಸ್. ಹೌದು, ಹೆಸರೇ ಗ್ಯಾರೇಜು!

ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ ವಿಲಿಯಂ ಮಾರಿಸ್ ಎಂಬ ಉದ್ಯಮಿಗೆ ಕಾರು ಮಾರುವ, ರಿಪೇರಿ ಮಾಡುವ ಒಂದು ವ್ಯಾಪಾರ ಇತ್ತು. 1920ರ ದಶಕದಲ್ಲಿ ಅಲ್ಲಿ ಮ್ಯಾನೇಜರ್ ಆಗಿದ್ದ ಸೆಸಿಲ್ ಕಿಂಬರ್, ಸಾಧಾರಣ ಮಾರಿಸ್ ಕಾರುಗಳ ಮೇಲೆ ಚೆಂದದ ಬಾಡಿ ಕೂರಿಸಿ ಮಾರೋಕೆ ಶುರು ಮಾಡಿದ್ರು. ಎಂಜಿ ಸ್ಪೋರ್ಟ್ಸ್ ಕಾರು ಹುಟ್ಟಿದ್ದು ಹಾಗೆ. ಇವತ್ತಿನ ಹೆಕ್ಟರ್‌ಗೂ ಆ ಕಾರುಗಳಿಗೂ ಹೆಸರು ಬಿಟ್ಟರೆ ಹೆಚ್ಚೇನೂ ನಂಟಿಲ್ಲ. ಹೆಸರು ಕೈಯಿಂದ ಕೈಗೆ ಹೋಗಿ ಚೀನಾದ ಎಸ್‌ಎಐಸಿ ಕಂಪನಿಗೆ ಸೇರಿ, 2019ರಲ್ಲಿ ನಮ್ಮ ದೇಶದ ಶೋರೂಮಿಗೆ ಬಂತು.

ಈ ಸರಣಿ ಅದರ ಬಗ್ಗೆ ಅಲ್ಲ. 1962ರಿಂದ 1980ರವರೆಗೆ ತಯಾರಾದ ಎಂಜಿಬಿ ಅನ್ನೋ ಪುಟ್ಟ ಸ್ಪೋರ್ಟ್ಸ್ ಕಾರಿನ ಬಗ್ಗೆ. 5 ಲಕ್ಷಕ್ಕೂ ಹೆಚ್ಚು ತಯಾರಾದವು. ಆಮೇಲೆ ಕಾರ್ಖಾನೆಯೇ ಮುಚ್ಚಿಹೋಯ್ತು. ಆದ್ರೂ ಇವತ್ತಿಗೂ ಈ ಕಾರು ಓಡ್ತಿದೆ. ಯಾಕಂದ್ರೆ ಬ್ರಿಟನ್ನಿನಲ್ಲಿ, ಅಮೆರಿಕದಲ್ಲಿ ಜನ ತಮ್ಮ ಮನೆ ಶೆಡ್ಡಿನಲ್ಲೇ ಇದನ್ನ ಪೂರ್ತಿ ಬಿಚ್ಚಿ, ತುಕ್ಕು ತೆಗೆದು, ಮತ್ತೆ ಜೋಡಿಸ್ತಾರೆ.

ನನ್ನ ಹತ್ರ ಸ್ಪೋರ್ಟ್ಸ್ ಕಾರೂ ಇಲ್ಲ, ಶೆಡ್ಡೂ ಇಲ್ಲ. ಪರವಾಗಿಲ್ಲ. ಒಂದು ಹಳೇ ಎಂಜಿಬಿ ನಿಮ್ಮ ಮುಂದೆ ನಿಂತಿದೆ ಅಂದ್ಕೊಳ್ಳಿ. ಒಂದೊಂದೇ ಭಾಗ ಬಿಚ್ಚೋಣ. ಪ್ರತಿ ಭಾಗದ ಹಿಂದೆ ಒಂದು ಇಸವಿ ಇದೆ. ಕೊನೆಗೆ ಒಂದು ಪ್ರಶ್ನೆಗೆ ಉತ್ತರ ಹುಡುಕೋಣ: ಕಂಪನಿ ಕೈಬಿಟ್ಟ ಮೇಲೆ ಒಂದು ವಸ್ತುವನ್ನ ಉಳಿಸೋದು ಯಾರು?

2/9 · ಕೈಯಲ್ಲಿ ತಳ್ಳಿದ ಕಾರುಗಳು

ಬಿಚ್ಚೋ ಮೊದಲು ಇದನ್ನ ಜೋಡಿಸಿದ ಜಾಗ ನೋಡೋಣ. ಆಕ್ಸ್‌ಫರ್ಡ್ ಪಕ್ಕದ ಅಬಿಂಗ್ಡನ್ ಅನ್ನೋ ಸಣ್ಣ ಊರು. 1929ರಿಂದ ಎಂಜಿ ಕಾರ್ಖಾನೆ ಅಲ್ಲೇ.

ಕಾರು ಕಾರ್ಖಾನೆ ಅಂದ ತಕ್ಷಣ ನಮ್ಮ ಕಣ್ಣಿಗೆ ಬರೋದು ಏನು? ತಾನಾಗೇ ಸರಿಯೋ ಬೆಲ್ಟು, ಕಿಡಿ ಹಾರಿಸೋ ರೋಬೋಟು. ಅಬಿಂಗ್ಡನ್‌ನಲ್ಲಿ ಅದ್ಯಾವುದೂ ಇರಲಿಲ್ಲ. ಬಾಡಿ ಬೇರೆ ಊರಿನಿಂದ ಬರ್ತಿತ್ತು, ಎಂಜಿನ್ ಇನ್ನೊಂದು ಊರಿನಿಂದ. ಇಲ್ಲಿ ಆಗ್ತಿದ್ದದ್ದು ಜೋಡಣೆ ಮಾತ್ರ. ಒಂದು ಹಂತ ಮುಗಿದ ಮೇಲೆ ಕೆಲಸಗಾರರು ಕಾರನ್ನ ಕೈಯಲ್ಲೇ ತಳ್ಳಿ ಮುಂದಿನವರ ಹತ್ರ ಬಿಡ್ತಿದ್ರು.

ಇದನ್ನ ನೆನಪಿಡಿ, ಮುಂದೆ ಬೇಕಾಗುತ್ತೆ. ಕೈಯಲ್ಲಿ, ಸ್ಪ್ಯಾನರ್ ಹಿಡಿದು ಜೋಡಿಸಿದ್ದನ್ನ ಕೈಯಲ್ಲೇ ಬಿಚ್ಚಬಹುದು. ಮನೆ ಶೆಡ್ಡಿನಲ್ಲಿ ಈ ಕೆಲಸ ಸಾಧ್ಯ ಆಗೋದಕ್ಕೆ ಮೊದಲ ಕಾರಣ ಇದೇ. ಕಾರ್ಖಾನೆ ಅನ್ನೋದೇ ಒಂದು ದೊಡ್ಡ ಗ್ಯಾರೇಜಿನ ಹಾಗಿತ್ತು.

1979ರ ಸೆಪ್ಟೆಂಬರ್‌ನಲ್ಲಿ ಎಂಜಿ ಅಬಿಂಗ್ಡನ್‌ಗೆ ಬಂದು 50 ವರ್ಷ ಆಯ್ತು ಅಂತ ಊರಲ್ಲಿ ಸಂಭ್ರಮ ನಡೀತು. ಅದರ ಬೆನ್ನಿಗೇ ಮಾಲೀಕ ಕಂಪನಿ ಬ್ರಿಟಿಷ್ ಲೇಲ್ಯಾಂಡ್ ಕಾರ್ಖಾನೆ ಮುಚ್ಚೋ ಸುದ್ದಿ ಕೊಡ್ತು. ಹೆಚ್ಚಿನ ಕಾರುಗಳು ಅಮೆರಿಕಕ್ಕೆ ಹೋಗ್ತಿದ್ದವು. ಪೌಂಡಿನ ಬೆಲೆ ಏರಿದಾಗ ಅಲ್ಲಿ ಮಾರಿದ್ರೆ ನಷ್ಟ. ಹೊಸ ಮಾದರಿ ಮಾಡೋಕೆ ಕಂಪನಿ ದುಡ್ಡು ಹಾಕಿರಲಿಲ್ಲ. ಕೆಲಸಗಾರರು ಪ್ರತಿಭಟಿಸಿದ್ರು, ಅಭಿಮಾನಿಗಳು ಮೆರವಣಿಗೆ ಮಾಡಿದ್ರು, ಆಸ್ಟನ್ ಮಾರ್ಟಿನ್ ಮುಂದಾಳತ್ವದ ಗುಂಪೊಂದು ಕೊಳ್ಳೋಕೆ ನೋಡಿತು. ಯಾವುದೂ ಫಲಿಸಲಿಲ್ಲ. 1980ರ ಅಕ್ಟೋಬರ್‌ನಲ್ಲಿ ಕೊನೆಯ ಎಂಜಿಬಿ ಹೊರಬಂತು.

3/9 · ಮೊದಲ ಟೂಲು ಸ್ಪ್ಯಾನರ್ ಅಲ್ಲ

ಈಗ ಶೆಡ್ಡಿಗೆ ಬನ್ನಿ. ಕೈ ತುರಿಸ್ತಿದೆ ಅಲ್ವಾ, ಯಾವುದಾದ್ರೂ ಬೋಲ್ಟು ಬಿಚ್ಚೋಣ ಅಂತ? ತಡೀರಿ. ಮೊದಲು ಫೋಟೋ, ಆಮೇಲೆ ಸ್ಪ್ಯಾನರ್.

ಬಿಚ್ಚೋದು ಸುಲಭ. ಒಂದು ವಾರಾಂತ್ಯದಲ್ಲಿ ಅರ್ಧ ಕಾರು ನೆಲದ ಮೇಲಿರುತ್ತೆ. ಜೋಡಿಸೋದು ಎರಡು ವರ್ಷ ಆದಮೇಲೆ. ಅಷ್ಟು ಹೊತ್ತಿಗೆ ಈ ವಾಷರ್ ಎಲ್ಲಿಂದ ಬಂತು, ಈ ಉದ್ದದ ಬೋಲ್ಟು ಯಾವ ತೂತಿಗೆ ಅಂತ ಯಾರಿಗೂ ನೆನಪಿರಲ್ಲ. ಅದಕ್ಕೇ ಅನುಭವಿಗಳು ಪ್ರತಿ ಗುಂಪಿನ ನಟ್ಟು ಬೋಲ್ಟನ್ನ ಬೇರೆ ಬೇರೆ ಕವರ್‌ಗೆ ಹಾಕಿ ಚೀಟಿ ಬರೀತಾರೆ: ಎಡ ಬಾಗಿಲು, ಮೇಲಿನ ಹಿಂಜು, ಮೂರು ಬೋಲ್ಟು. ಅರ್ಧಕ್ಕೆ ನಿಂತ ಕಾರುಗಳನ್ನ "ಡಬ್ಬದಲ್ಲಿರೋ ಬಿಡಿಭಾಗ" ಅಂತ ಕಡಿಮೆ ರೇಟಿಗೆ ಮಾರೋದು ಇದಕ್ಕೇ. ಭಾಗಗಳೆಲ್ಲ ಇರಬಹುದು, ಆದರೆ ಯಾವುದು ಎಲ್ಲಿಯದು ಅನ್ನೋ ನೆನಪು ಹೋಗಿರುತ್ತೆ.

ಹಿಸ್ಟರಿ ಕ್ಲಾಸ್‌ನ ಗೆಳೆಯರೇ, ಇದು ಎಲ್ಲೋ ಕೇಳಿದ ಹಾಗಿದೆ ಅಲ್ವಾ? ಉತ್ಖನನದಲ್ಲೂ ಹೀಗೇ. ಸಿಕ್ಕ ಮಡಕೆ ಚೂರಿಗಿಂತ ಅದು ಯಾವ ಪದರದಲ್ಲಿ ಸಿಕ್ತು ಅನ್ನೋದು ಮುಖ್ಯ.

ಇನ್ನೊಂದು ಮಜಾ ವಿಷಯ. ಈ ಕಾರಿಗೆ ಪತ್ರಾಗಾರವೂ ಇದೆ. ಇಂಗ್ಲೆಂಡಿನ ಗೇಡನ್‌ನಲ್ಲಿರೋ ಬ್ರಿಟಿಷ್ ಮೋಟಾರ್ ಮ್ಯೂಸಿಯಂ ಹಳೇ ಉತ್ಪಾದನಾ ದಾಖಲೆಗಳನ್ನ ಕಾಪಾಡಿಟ್ಟಿದೆ. ಕಾರಿನ ನಂಬರ್ ಕೊಟ್ಟು ಶುಲ್ಕ ಕಟ್ಟಿದ್ರೆ ಸರ್ಟಿಫಿಕೇಟ್ ಬರುತ್ತೆ: ಯಾವ ದಿನ ತಯಾರಾಯ್ತು, ಮೊದಲು ಯಾವ ಬಣ್ಣ ಇತ್ತು, ಎಲ್ಲಿಗೆ ಕಳಿಸಿದ್ರು. ಕೆಂಪು ಕಾರು ಅಂದ್ಕೊಂಡು ತಂದಿರ್ತೀರಿ, ಹುಟ್ಟಿದ್ದು ಹಸಿರಾಗಿ ಅಂತ ಆಗ ಗೊತ್ತಾಗುತ್ತೆ. ಬಾಗಿಲ ಒಳಬದಿಯನ್ನ ಉಜ್ಜಿ ನೋಡಿದ್ರೆ ಕಾಗದ ಹೇಳಿದ ಹಸಿರು ಅಲ್ಲೇ ಕೂತಿರಬಹುದು.

4/9 · ಹೊಸ್ತಿಲಲ್ಲಿ ತುಕ್ಕು

ಸೀಟು, ಕಾರ್ಪೆಟ್ಟು, ಬಾಗಿಲು ತೆಗೆದಾಯ್ತು. ಈಗ ಬಾಗಿಲ ಕೆಳಗಿನ ಉದ್ದ ಪಟ್ಟಿ ನೋಡಿ. ಇಂಗ್ಲಿಷಲ್ಲಿ ಸಿಲ್ ಅಂತಾರೆ. ನಮ್ಮ ಮಾತಲ್ಲಿ ಕಾರಿನ ಹೊಸ್ತಿಲು. ಈ ಕಾರಿನ ಅಳಿವು ಉಳಿವು ಇರೋದು ಇಲ್ಲೇ.

ಇದಕ್ಕಿಂತ ಮುಂಚಿನ ಎಂಜಿಎ ಕಾರಿಗೆ ಕೆಳಗೆ ಗಟ್ಟಿ ಚಾಸಿಸ್ ಇತ್ತು, ಬಾಡಿ ಅದರ ಮೇಲೆ ಕೂತಿತ್ತು. 1962ರ ಎಂಜಿಬಿಯಲ್ಲಿ ಸಿಡ್ ಎನೆವರ್ ನೇತೃತ್ವದ ತಂಡ ಆ ಚಾಸಿಸ್ಸನ್ನೇ ತೆಗೆದುಹಾಕಿತು. ತಗಡಿನ ಬಾಡಿಯೇ ಎಲ್ಲ ಭಾರ ಹೊರಬೇಕು. ಇದರಿಂದ ಕಾರು ಹೊರಗೆ ಎಂಜಿಎಗಿಂತ ಚಿಕ್ಕದಾಯ್ತು, ಒಳಗೆ ಜಾಗ ಮಾತ್ರ ಜಾಸ್ತಿ ಆಯ್ತು.

ಆದ್ರೆ ಒಂದು ತೊಂದರೆ. ಮುಚ್ಚಳ ಇಲ್ಲದ ಶೂ ಡಬ್ಬಿಯನ್ನ ಎರಡೂ ತುದಿ ಹಿಡಿದು ತಿರುಚಿ ನೋಡಿ. ಸಲೀಸಾಗಿ ತಿರುಚಿಕೊಳ್ಳುತ್ತೆ. ಮೇಲ್ಛಾವಣಿ ಇಲ್ಲದ ಕಾರಿನ ಕಥೆಯೂ ಅದೇ. ಮೇಲಿನ ಬಲ ಇಲ್ಲದಿರೋದ್ರಿಂದ ಕೆಳಗಿನ ಹೊಸ್ತಿಲೇ ಮುಂಭಾಗ, ಹಿಂಭಾಗ ಎರಡನ್ನೂ ಹಿಡಿದಿಡಬೇಕು. ಅದಕ್ಕೇ ಅಲ್ಲಿ ತಗಡಿನ ಹಲವು ಪದರ ಇಟ್ಟು ಪೆಟ್ಟಿಗೆಯ ಹಾಗೆ ಬೆಸೆದಿದ್ದಾರೆ. ಬ್ರಿಟನ್ನಿನಲ್ಲಿ ಚಳಿಗಾಲ ಬಂದ್ರೆ ರಸ್ತೆಗೆ ಉಪ್ಪು ಚೆಲ್ತಾರೆ, ಹಿಮ ಕಟ್ಟದಿರಲಿ ಅಂತ. ಆ ಉಪ್ಪು ನೀರು, ಕೆಸರು ಪದರಗಳ ನಡುವೆ ಸೇರಿಕೊಂಡು ಒಳಗಿಂದಲೇ ತಿನ್ನುತ್ತೆ. ಹೊರಗೆ ಪೇಂಟು ಫಳಫಳ, ಒಳಗೆ ಪುಡಿ.

ಕೊಳೆತ ಹೊಸ್ತಿಲನ್ನ ಕತ್ತರಿಸೋ ಮೊದಲು ಬಾಗಿಲ ಜಾಗಕ್ಕೆ ಅಡ್ಡ ಕಬ್ಬಿಣದ ಪಟ್ಟಿ ಕೊಟ್ಟು ಬಿಗಿ ಮಾಡಲೇಬೇಕು. ಮರೆತರೆ ಕಾರು ನಡುವಿನಲ್ಲಿ ಬಾಗುತ್ತೆ. ಅದೇ ವಕ್ರದಲ್ಲಿ ಹೊಸ ಹೊಸ್ತಿಲು ಬೆಸೆದು ಪೇಂಟೂ ಮುಗಿಸಿ, ಕೊನೆಗೆ ಬಾಗಿಲು ಕೂರಿಸಿದಾಗ ಗೊತ್ತಾಗುತ್ತೆ, ಅದು ಮುಚ್ಚೋದೇ ಇಲ್ಲ ಅಂತ. ಇನ್ನೊಂದು ಮಾತು: ಬರೀ ಜಾಕ್ ಮೇಲೆ ನಿಂತ ಕಾರಿನ ಕೆಳಗೆ ಯಾವತ್ತೂ ನುಸುಳಬೇಡಿ. ಸ್ಟ್ಯಾಂಡ್ ಕೊಟ್ಟ ಮೇಲೇ.

5/9 · ತೇರು ಅದೇನಾ?

ಹೊಸ್ತಿಲು ಮಾತ್ರ ಅಲ್ಲ, ಇಡೀ ಬಾಡಿಯೇ ಜರಡಿ ಆಗಿದ್ರೆ? 1980ರ ದಶಕದಲ್ಲಿ ಅಂಥ ಕಾರುಗಳು ಗುಜರಿಗೆ ಹೋಗ್ತಿದ್ದವು.

1988ರಲ್ಲಿ ಯಾರೂ ನಿರೀಕ್ಷಿಸದ ಒಂದು ಕೆಲಸ ಆಯ್ತು. ಬ್ರಿಟಿಷ್ ಮೋಟಾರ್ ಹೆರಿಟೇಜ್ ಅನ್ನೋ ಸಂಸ್ಥೆ, ತಗಡು ಒತ್ತೋಕೆ ಕಾರ್ಖಾನೆ ಬಳಸಿದ್ದ ಹಳೇ ಅಚ್ಚುಗಳನ್ನ ಹುಡುಕಿ ಕಲೆಹಾಕಿ, ಹೊಚ್ಚ ಹೊಸ ಎಂಜಿಬಿ ಬಾಡಿ ತಯಾರಿಸೋಕೆ ಶುರು ಮಾಡಿತು. ಕಾರು ನಿಂತು ಎಂಟು ವರ್ಷದ ಮೇಲೆ ಅದರ ಬಾಡಿ ಮತ್ತೆ ಮಾರಾಟಕ್ಕೆ! ತುಕ್ಕು ಹಿಡಿದ ಬಾಡಿಯಿಂದ ಎಂಜಿನ್, ಗೇರ್‌ಬಾಕ್ಸ್, ಸ್ಟೀರಿಂಗ್ ಎಲ್ಲ ಬಿಚ್ಚಿ ಹೊಸ ಬಾಡಿಗೆ ಕೂರಿಸಬಹುದು. ಕಂಪನಿಯವರೂ ಇದನ್ನ ಗಮನಿಸಿದ್ರು. ಅದೇ ಬಾಡಿಯನ್ನ ಒಂದಿಷ್ಟು ಬದಲಿಸಿ 1992ರಲ್ಲಿ ಎಂಜಿ ಆರ್‌ವಿ8 ಅನ್ನೋ ಕಾರು ತಂದ್ರು. ಸುಮಾರು 2000 ತಯಾರಾದವು, ಹೆಚ್ಚಿನವು ಜಪಾನಿಗೆ ಹೋದವು.

ಈಗ ನಿಮಗೊಂದು ಪ್ರಶ್ನೆ. 1965ರ ಕಾರಿಗೆ 1988ರ ಮೇಲಿನ ಬಾಡಿ ಹಾಕಿದ್ರೆ ಅದು ಅದೇ ಕಾರಾ?

ನಂಗೆ ನೆನಪಾಗೋದು ನಮ್ಮ ಜಾತ್ರೆಯ ತೇರು. ಗಾಲಿ ಸವೆದ್ರೆ ಹೊಸ ಗಾಲಿ. ಮರ ಕೊಳೆತ್ರೆ ಹೊಸ ಮರ. ಹಗ್ಗವಂತೂ ಎಷ್ಟು ಸಲ ಬದಲಾಗಿರುತ್ತೋ. ಆದ್ರೂ ಯಾರೂ "ಇದು ಬೇರೆ ತೇರು" ಅನ್ನಲ್ಲ. ಯಾಕೆ? ಒಂದೇ ದಿನ ಎಲ್ಲವನ್ನೂ ಎಸೆದಿಲ್ಲ. ಹಳೇದನ್ನ ಅಳತೆ ಇಟ್ಟುಕೊಂಡೇ ಹೊಸದನ್ನ ಮಾಡಿದ್ದಾರೆ. ಎಳೆಯೋದನ್ನ ನಿಲ್ಲಿಸಿಲ್ಲ. ಎಂಜಿಬಿಗೂ ಈ ಮಾತು ಒಪ್ಪುತ್ತೆ ಅನ್ಸುತ್ತೆ. ಹೊಸ ಬಾಡಿ ಹುಟ್ಟಿದ್ದು ಹಳೇ ಅಚ್ಚಿನಿಂದಲೇ. ನೀವೇನಂತೀರಿ? ಕಾಮೆಂಟಲ್ಲಿ ಜಗಳ ಆಡೋಣ.

6/9 · ಅಂಬಾಸಿಡರ್‌ನ ಅಣ್ಣತಮ್ಮ

ಈಗ ಎಂಜಿನ್. ರೇಡಿಯೇಟರ್ ತೆಗೆದು, ಚೈನ್ ಪುಲ್ಲಿ ಕಟ್ಟಿ, ಗೇರ್‌ಬಾಕ್ಸ್ ಸಮೇತ ಓರೆಯಾಗಿ ಮೇಲೆತ್ತಬೇಕು. ಒಬ್ಬರು ಎಳೆಯೋಕೆ, ಒಬ್ಬರು ಬಾಡಿಗೆ ತಗುಲದ ಹಾಗೆ ನೋಡಿಕೊಳ್ಳೋಕೆ.

ಹೊರಬಂದ ಎಂಜಿನ್ ನೋಡಿದ್ರೆ ನಮ್ಮ ಹಳೇ ಟ್ಯಾಕ್ಸಿ ಸ್ಟ್ಯಾಂಡಿನ ಮೆಕ್ಯಾನಿಕ್ ನಗಬಹುದು: "ಅಯ್ಯೋ, ಇದನ್ನ ಎಲ್ಲೋ ನೋಡಿದೀನಲ್ಲ!" ನೋಡಿರ್ತಾರೆ. ಇದು ಬಿ ಸರಣಿ ಎಂಜಿನ್. ಆಸ್ಟಿನ್ ಮತ್ತು ಮಾರಿಸ್ ಕಡೆಯ ಕಂಪನಿಗಳು 1952ರಲ್ಲಿ ಒಂದಾಗಿ ಬಿಎಂಸಿ ಆದಮೇಲೆ, ಒಂದೇ ಎಂಜಿನ್ ಕುಟುಂಬವನ್ನ ಹತ್ತಾರು ಕಾರುಗಳಿಗೆ ಹಾಕಿದ್ರು. 1955ರ ಎಂಜಿಎಗೆ ಅದರ 1489 ಸಿಸಿ ರೂಪ. ಎಂಜಿಬಿಗೆ ಅದನ್ನೇ ಹಿಗ್ಗಿಸಿದ 1798 ಸಿಸಿ ರೂಪ.

ಆ 1489 ಸಿಸಿ ನೆನಪಿಡಿ. ಕೋಲ್ಕತ್ತಾ ಹತ್ತಿರದ ಉತ್ತರ್‌ಪಾರಾದಲ್ಲಿ ತಯಾರಾಗ್ತಿದ್ದ ಹಿಂದೂಸ್ತಾನ್ ಅಂಬಾಸಿಡರ್‌ಗೆ ದಶಕಗಳ ಕಾಲ ಹಾಕಿದ್ದು ಅದೇ ಬಿ ಸರಣಿಯ 1489 ಸಿಸಿ ಪೆಟ್ರೋಲ್ ಎಂಜಿನ್. ವಿಧಾನಸೌಧದ ಮುಂದೆ ಸಾಲಾಗಿ ನಿಲ್ತಿದ್ದ ಬಿಳಿ ಅಂಬಾಸಿಡರ್‌ಗಳ ಕುಟುಂಬಕ್ಕೂ, ಇಂಗ್ಲೆಂಡಿನ ಕೆಂಪು ಸ್ಪೋರ್ಟ್ಸ್ ಕಾರಿಗೂ ಒಂದೇ ಮನೆತನ! ಇದಕ್ಕೆ ಎರಡು ಕಾರ್ಬ್ಯುರೇಟರ್, ಅದಕ್ಕೆ ಒಂದು. ಇದು ಗಂಟೆಗೆ 160 ಕಿ.ಮೀ. ಮುಟ್ಟಿದ್ರೆ, ಅದು ಮದುವೆ ದಿಬ್ಬಣ ಹೊತ್ತು ಘಾಟಿ ಹತ್ತುತ್ತಿತ್ತು. ಆದ್ರೆ ಕಿಡಿ ಹತ್ತೋ ಕ್ರಮ ಎರಡರಲ್ಲೂ ಒಂದೇ: 1, 3, 4, 2.

ಒಂದು ಕಾರು ಬದುಕೋಕೆ ಎರಡನೇ ಕಾರಣ ಇಲ್ಲಿದೆ. ಇದರ ಎಂಜಿನ್ ಅಪರೂಪದ್ದಲ್ಲ, ಸಾಮಾನ್ಯರ ಎಂಜಿನ್. ಲಕ್ಷಾಂತರ ಕಾರುಗಳಲ್ಲಿ ಇದ್ದಿದ್ದಕ್ಕೇ ಅದರ ಭಾಗ ಸಿಗುತ್ತೆ, ಗೊತ್ತಿರೋ ಕೈಗಳೂ ಸಿಗುತ್ತವೆ.

7/9 · ಬಣ್ಣ ಓದೋದು

ಎಲ್ಲಕ್ಕಿಂತ ಭಯ ಹುಟ್ಟಿಸೋದು ವೈರಿಂಗು. ಬಿಚ್ಚಿದ ವೈರ್ ಗೊಂಚಲು ನೆಲದ ಮೇಲೆ ಬಿದ್ದಿದ್ರೆ ಬೇರು ಸಮೇತ ಕಿತ್ತ ಗಿಡದ ಹಾಗೆ ಕಾಣುತ್ತೆ. ಆದ್ರೆ ಅದಕ್ಕೊಂದು ಲಿಪಿ ಇದೆ.

ಕಂದು ವೈರ್ ಅಂದ್ರೆ ಬ್ಯಾಟರಿಯಿಂದ ನೇರ ಬಂದದ್ದು, ಯಾವಾಗಲೂ ಕರೆಂಟ್ ಇರುತ್ತೆ. ಬಿಳಿ ಅಂದ್ರೆ ಕೀ ತಿರುಗಿಸಿದ ಮೇಲೆ. ಹಸಿರು ಅಂದ್ರೆ ಕೀ ತಿರುಗಿಸಿ ಫ್ಯೂಸ್ ದಾಟಿ ಬಂದದ್ದು. ನೇರಳೆ ಅಂದ್ರೆ ಕೀ ಬೇಕಿಲ್ಲ, ಫ್ಯೂಸ್ ಇದೆ. ನೀಲಿ ಹೆಡ್‌ಲೈಟು, ಕೆಂಪು ಸಣ್ಣ ದೀಪ, ಕಪ್ಪು ಅರ್ತ್. ಇದನ್ನ ಒಂದು ಸಲ ಕಲಿತ್ರೆ ಆ ಕಾಲದ ಬೇರೆ ಬ್ರಿಟಿಷ್ ಕಾರುಗಳ ವೈರಿಂಗೂ ಬಹುಪಾಲು ಓದೋಕೆ ಬರುತ್ತೆ.

ಹುಷಾರಾಗಿರಬೇಕಾದ ಜಾಗ ಒಂದಿದೆ. ಮೊದಮೊದಲ ಎಂಜಿಬಿಗಳಲ್ಲಿ ಬ್ಯಾಟರಿಯ ಪ್ಲಸ್ ತುದಿಯನ್ನ ಬಾಡಿಗೆ ಕೊಡ್ತಿದ್ರು. ನಮಗೆ ಗೊತ್ತಿರೋದಕ್ಕೆ ಉಲ್ಟಾ! 1967ರ ಕೊನೆಯಲ್ಲಿ ಡೈನಮೋ ಬದಲು ಆಲ್ಟರ್ನೇಟರ್ ಬಂದಾಗ ಮೈನಸ್ ಬಾಡಿಗೆ ಬಂತು. ಇಸವಿ ನೋಡದೆ ಬ್ಯಾಟರಿ ಕೊಟ್ರೆ ದುಬಾರಿ ಹೊಗೆ ಗ್ಯಾರಂಟಿ. ಅದೂ ಬ್ಯಾಟರಿ ಒಂದಲ್ಲ: 1974ರವರೆಗೆ ಸೀಟಿನ ಹಿಂದೆ 6 ವೋಲ್ಟಿನ ಎರಡು ಬ್ಯಾಟರಿ.

ಪರೀಕ್ಷೆಗೆ ಇಸವಿ ಬಾಯಿಪಾಠ ಮಾಡಿ ಏನುಪಯೋಗ ಅಂತ ಕೇಳ್ತೀರಲ್ಲ, ನೋಡಿ, ಇಲ್ಲಿ ಇಸವಿ ತಪ್ಪಾದ್ರೆ ಅಂಕ ಹೋಗಲ್ಲ, ವೈರೇ ಸುಡುತ್ತೆ. ಗುರುತು ಹಾಕೋಕೆ ಒಬ್ಬ ಗೆಳೆಯ ಪಕ್ಕದಲ್ಲಿರಲಿ. ಒಬ್ಬರು ಮ್ಯಾನ್ಯುಯಲ್ ಓದಬೇಕು, ಇನ್ನೊಬ್ಬರು ವೈರ್ ಹಿಡೀಬೇಕು. ಕಾರ್ಖಾನೆ ಪ್ರಕಟಿಸಿದ ರಿಪೇರಿ ಪುಸ್ತಕ ಇವತ್ತಿಗೂ ಮರುಮುದ್ರಣದಲ್ಲಿ ಸಿಗುತ್ತೆ. ಉಳಿವಿಗೆ ಮೂರನೇ ಕಾರಣ ಇದು: ಜ್ಞಾನಕ್ಕೆ ಯಾರೂ ಬೀಗ ಹಾಕಿರಲಿಲ್ಲ.

8/9 · ಯಾವ ಇಸವಿಗೆ ಮರಳೋದು?

ಈಗ ಬಂಪರ್ ಕೂರಿಸಬೇಕು. ಯಾವುದು?

1962ರಿಂದ ಇದಕ್ಕಿದ್ದದ್ದು ಹೊಳೆಯೋ ತೆಳ್ಳನೆ ಕ್ರೋಮ್ ಬಂಪರ್. ಅಮೆರಿಕದಲ್ಲಿ ಹೊಸ ಸುರಕ್ಷತಾ ಕಾನೂನು ಬಂತು: ಗಂಟೆಗೆ 5 ಮೈಲಿ ವೇಗದಲ್ಲಿ ಗುದ್ದಿದ್ರೂ ದೀಪಗಳಿಗೆ, ಮುಖ್ಯ ಭಾಗಗಳಿಗೆ ಏಟಾಗಬಾರದು. ಹೊಸ ಕಾರು ಮಾಡೋಕೆ ಕಂಪನಿ ಹತ್ರ ದುಡ್ಡಿಲ್ಲ. ಹಾಗಾಗಿ 1974ರಲ್ಲಿ ಹಳೇ ಕಾರಿಗೇ ದಪ್ಪ ಕಪ್ಪು ಬಂಪರ್ ಅಂಟಿಸಿದ್ರು, ಎತ್ತರವನ್ನೂ ಏರಿಸಿದ್ರು. ಎತ್ತರ ಆದಮೇಲೆ ತಿರುವಿನಲ್ಲಿ ಕಾರು ಹೆಚ್ಚು ವಾಲತೊಡಗಿತು. ಅಭಿಮಾನಿಗಳು ಮೂಗು ಮುರಿದ್ರು.

ಅದಕ್ಕೇ ಇವತ್ತು 1976ರ ಕಾರು ಕೊಂಡ ಎಷ್ಟೋ ಜನ ಕಪ್ಪು ಬಂಪರ್ ಕಿತ್ತು, ಎತ್ತರ ತಗ್ಗಿಸಿ, ಕ್ರೋಮ್ ಹಾಕ್ತಾರೆ. ನೋಡೋಕೆ ಚೆಂದ ಕಾಣುತ್ತೆ, ನಿಜ. ಆದ್ರೆ ಹಾಗೆ ಮಾಡಿದಾಗ ಅಳಿಸಿಹೋಗೋದು ಏನು? ಒಂದು ದೇಶದ ಕಾನೂನು ಇನ್ನೊಂದು ದೇಶದ ಸಣ್ಣ ಊರಿನ ಕಾರಿನ ಮುಖವನ್ನೇ ಬದಲಿಸಿದ ಕಥೆ. ದುಡ್ಡಿಲ್ಲದ ಕಂಪನಿ ಹೇಗೋ ದಿನ ದೂಡಿದ ಕಥೆ. ಅಬಿಂಗ್ಡನ್ ಯಾಕೆ ಮುಚ್ಚಿತು ಅನ್ನೋದಕ್ಕೆ ಆ ಕಪ್ಪು ಬಂಪರ್ ಒಂದು ಸಾಕ್ಷಿ.

ನಾನು ತೀರ್ಪು ಕೊಡಲ್ಲ. ಕಾರು ಅವರದ್ದು, ಬೆವರೂ ಅವರದ್ದು. ಆದ್ರೆ ನಂದೇ ಕಾರಾಗಿದ್ರೆ ಕಪ್ಪು ಬಂಪರನ್ನೇ ಉಜ್ಜಿ ತೊಳೆದು ಮತ್ತೆ ಹಾಕ್ತಿದ್ದೆ. ಹಳೇ ದೇವಸ್ಥಾನದ ಗೋಡೆಯಲ್ಲಿ ನಂತರದ ಕಾಲದವರು ಕೆತ್ತಿದ ಶಾಸನ ಇದ್ರೆ, ಇದು ಮೂಲದ್ದಲ್ಲ ಅಂತ ಅದನ್ನ ಕೆತ್ತಿ ತೆಗೀತೀವಾ? ಇಲ್ವಲ್ಲ.

9/9 · ಕೊನೆಯ ಬೋಲ್ಟು

ಜೋಡಣೆ ಅಂದ್ರೆ ಬಿಚ್ಚಿದ ದಾರಿಯಲ್ಲೇ ವಾಪಸ್ ನಡೆಯೋದು. ಕೊನೆಗೆ ತೆಗೆದದ್ದು ಮೊದಲು ಒಳಗೆ. ಬ್ರೇಕ್ ಪೈಪು, ವೈರಿಂಗು, ಎಂಜಿನ್ನು, ಗಾಜು, ಸೀಟು. ಬೋಲ್ಟನ್ನ ಮೊದಲು ಬೆರಳಲ್ಲಿ ತಿರುಗಿಸಿ. ಬೆರಳಿಗೆ ಬಗ್ಗದಿದ್ರೆ ಎಲ್ಲೋ ವಕ್ರ ಇದೆ ಅಂತಲೇ ಅರ್ಥ. ಬಲ ಹಾಕಬೇಡಿ, ವಾಪಸ್ ತೆಗೆದು ನೋಡಿ.

ಆಮೇಲೆ ಒಂದು ಸಂಜೆ ಬ್ಯಾಟರಿ ಕೊಟ್ಟು, ಪೆಟ್ರೋಲ್ ಹಾಕಿ, ಕೀ ತಿರುಗಿಸೋದು. ಮೊದಲ ಸಲಕ್ಕೇ ಸ್ಟಾರ್ಟ್ ಆಗದಿದ್ರೆ ಗಾಬರಿ ಬೇಡ. ಕಿಡಿ ಇದೆಯಾ, ಪೆಟ್ರೋಲ್ ಬರ್ತಿದೆಯಾ, ಕ್ರಮ 1, 3, 4, 2 ಸರಿ ಇದೆಯಾ? ಮೂರನ್ನ ನೋಡಿದ್ರೆ ಬಹುಪಾಲು ತಪ್ಪು ಸಿಗುತ್ತೆ.

ಈಗ ಮೊದಲ ಪ್ರಶ್ನೆಗೆ ಬರೋಣ. ಎಂಜಿಬಿಯನ್ನ ಉಳಿಸಿದ್ದು ಯಾರು? ಮಾಲೀಕ ಕಂಪನಿ ಅಲ್ಲ, ಅದು 1980ರಲ್ಲೇ ಬಾಗಿಲು ಹಾಕಿತ್ತು. ಉಳಿಸಿದ್ದು ಚೀಟಿ ಬರೆದು ಬೋಲ್ಟು ಎತ್ತಿಟ್ಟವರು, ಹಳೇ ದಾಖಲೆ ಕಾದವರು, ಗುಜರಿಗೆ ಹೋಗಬಹುದಾಗಿದ್ದ ಅಚ್ಚು ಹುಡುಕಿದವರು. ಅವರಿಗೆ ಅದು ಸಾಧ್ಯ ಆಗಿದ್ದು ಕಾರನ್ನ ಬಿಚ್ಚೋಕೆ ಬರ್ತಿದ್ದದ್ದಕ್ಕೆ.

ಈಗ ನಿಮ್ಮ ಕೈಯಲ್ಲಿರೋ ಫೋನ್ ನೋಡಿ. ಅದರ ಬ್ಯಾಟರಿಯನ್ನ ನೀವೇ ತೆಗೀಬಹುದಾ? ಅಂಟು ಹಾಕಿ ಮುಚ್ಚಿದ ಈ ವಸ್ತುಗಳಲ್ಲಿ 60 ವರ್ಷದ ಮೇಲೆ ಎಷ್ಟು ಉಳಿದಿರುತ್ತೆ? ನಮ್ಮ ಕಾಲದ ಚರಿತ್ರೆ ಬರೆಯೋರಿಗೆ ಏನು ಸಿಗುತ್ತೆ? ಇದು ಕಾರಿನ ಪ್ರಶ್ನೆ ಅಷ್ಟೇ ಅಲ್ಲ.

ಈ ಭಾನುವಾರ ಒಂದು ಕೆಲಸ ಮಾಡಿ. ಮನೆಯಲ್ಲಿ ಕೆಟ್ಟು ಮೂಲೆ ಸೇರಿದ ಟೇಬಲ್ ಫ್ಯಾನೋ, ಅಜ್ಜನ ರೇಡಿಯೋನೋ, ಹಳೇ ಸೈಕಲ್ಲೋ ಇರುತ್ತೆ. ಕರೆಂಟಿನದ್ದಾದ್ರೆ ಪ್ಲಗ್ ತೆಗೆದಿದೆಯಾ ಅಂತ ಎರಡು ಸಲ ನೋಡಿ. ಮನೆಯ ಹಿರಿಯರನ್ನ ಪಕ್ಕದಲ್ಲಿ ಕೂರಿಸಿಕೊಳ್ಳಿ, ಫೋಟೋ ತೆಗೀರಿ, ಚೀಟಿ ಬರೀರಿ, ಬಿಚ್ಚಿ. ಆಮೇಲೆ ಜೋಡಿಸಿ. ಒಂದು ಸ್ಕ್ರೂ ಮಿಕ್ಕಿದ್ರೆ ನಾಚಿಕೆ ಬೇಡ, ಮತ್ತೆ ಬಿಚ್ಚಿ ಅದರ ಜಾಗ ಹುಡುಕಿ. ಫೋಟೋ ನನಗೂ ಕಳಿಸಿ. ಮುಂದಿನ ಸರಣಿ ನಿಮ್ಮ ಮನೆಯ ಮೂಲೆಯಿಂದಲೇ ಶುರುವಾಗಲಿ.